ಅಭ್ಯಾಸವನ್ನು ಸಪ್ಪೆ ಮಾಡುವುದು ಹೇಗೆ: ಕಲ್ಪನೆಯಿಂದ ಚಟ ಸಡಿಲಿಸುವ ಸಮಗ್ರ ಮಾರ್ಗದರ್ಶಿ

ಶಿರಸಿ ಕಡೆ ಊಟ ಆದಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ಹರಿವಾಣ ಮುಂದೆ ಬಂದರೆ ಕೈ ತಾನಾಗೇ ಎಲೆಗೆ ಹೋಗುತ್ತದೆ. ಯಾರೂ ಕೂತು ಯೋಚಿಸಿ ಕವಳ ಹಾಕುವುದಿಲ್ಲ. ಹಾಕಿದ ಮೇಲೆ ಏನೋ ಒಂದು ಸಿಗುತ್ತದೆ, ಅದಕ್ಕೇ ಕೈ ಹೋಗುತ್ತದೆ. ಫೋನ್ ತೆಗೆದು ನೋಡುವುದೂ ಅಷ್ಟೇ. ನಾಲ್ಕು ಜನರ ಮುಂದೆ ಹೆಂಡತಿಯನ್ನೋ ತಮ್ಮನನ್ನೋ ಗೇಲಿ ಮಾಡಿ ನಗಿಸುವುದೂ ಅಷ್ಟೇ. ಅಭ್ಯಾಸ ಉಳಿದಿರುವುದು ಅದರ ಬೆನ್ನಿಗೆ ಬರುವ ಫಲದಿಂದ. ಫಲ ಬರುವುದು ನಿಂತರೆ ಅಭ್ಯಾಸ ನಿಧಾನವಾಗಿ ಸೊರಗುತ್ತದೆ. ವರ್ತನಾ ಚಿಕಿತ್ಸೆಯಲ್ಲಿ ಇದಕ್ಕೆ ಎಕ್ಸ್‌ಟಿಂಕ್ಷನ್ ಎನ್ನುತ್ತಾರೆ.

ತೊಂದರೆ ಏನೆಂದರೆ, ನಿಜ ಜೀವನದಲ್ಲಿ ಫಲವನ್ನು ತಡೆಯುವುದು ಸುಲಭವಲ್ಲ. ನೀವು ಜೋಕ್ ಹೇಳಿದಾಗ ನಗಬೇಡಿ ಎಂದು ಇಡೀ ನೆಂಟರ ಬಳಗಕ್ಕೆ ಹೇಳಲು ಆಗುತ್ತದೆಯೇ? ಇಲ್ಲಿಗೇ ಅಮೆರಿಕದ ಬಾಸ್ಟನ್ ಕಾಲೇಜಿನ ಮನಶ್ಶಾಸ್ತ್ರಜ್ಞ ಜೋಸೆಫ್ ಕೌಟೆಲಾ ಒಂದು ದಾರಿ ಹುಡುಕಿದರು. ಆ ಕೆಲಸವನ್ನು ಮನಸ್ಸಿನಲ್ಲೇ ಮಾಡಿ, ಫಲ ಬರಲಿಲ್ಲ ಎಂದು ಮನಸ್ಸಿನಲ್ಲೇ ಅನುಭವಿಸಿ ಎಂದರು. 1971ರಲ್ಲಿ ಅವರು ಇದನ್ನು ಕೋವರ್ಟ್ ಎಕ್ಸ್‌ಟಿಂಕ್ಷನ್ ಎಂಬ ಹೆಸರಲ್ಲಿ ವಿವರಿಸಿದರು. ಕಣ್ಣಿಗೆ ಕಾಣುವ ವರ್ತನೆಗೆ ಯಾವ ನಿಯಮವೋ ಮನಸ್ಸಿನೊಳಗಿನ ವರ್ತನೆಗೂ ಅದೇ ನಿಯಮ, ಒಳಗಿನದು ಬದಲಾದರೆ ಹೊರಗಿನದೂ ಬದಲಾಗುತ್ತದೆ ಎಂಬುದು ಅವರ ನಂಬಿಕೆ.

ಈ ನಂಬಿಕೆ ಪೂರ್ತಿ ಸರಿಯೇ? ಎಲ್ಲ ಕಡೆ ಸರಿ ಎಂದು ಹೇಳಲಾರೆ. ಈ ಒಂದು ವಿಧಾನವನ್ನೇ ಬೇರೆಯಾಗಿ ಪರೀಕ್ಷಿಸಿದ ಅಧ್ಯಯನಗಳು ಕಡಿಮೆ. ಹೆಚ್ಚಾಗಿ ಬೇರೆ ವಿಧಾನಗಳ ಜೊತೆ ಸೇರಿಸಿಯೇ ಬಳಸಿದ್ದಾರೆ. ಆದರೆ ಭಯದ ವಿಷಯದಲ್ಲಿ ಒಂದು ಒಳ್ಳೆಯ ಪುರಾವೆ ಇದೆ. 2018ರಲ್ಲಿ ನ್ಯೂರಾನ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 68 ಜನರಿಗೆ ಒಂದು ಸದ್ದಿನ ಜೊತೆ ಸಣ್ಣ ವಿದ್ಯುತ್ ಶಾಕ್ ಕೊಟ್ಟು, ಆ ಸದ್ದಿಗೆ ಹೆದರುವಂತೆ ಮಾಡಿದರು. ಆಮೇಲೆ ಒಂದು ಗುಂಪಿಗೆ ಶಾಕ್ ಇಲ್ಲದೆ ಸದ್ದನ್ನು ಕೇಳಿಸಿದರು. ಇನ್ನೊಂದು ಗುಂಪಿಗೆ ಸದ್ದನ್ನು ಬರೀ ಕಲ್ಪಿಸಿಕೊಳ್ಳಲು ಹೇಳಿದರು. ಮೂರನೆಯವರು ಹಕ್ಕಿಯ ಕೂಗು, ಮಳೆಯ ಸದ್ದು ಕಲ್ಪಿಸಿಕೊಂಡರು. ನಿಜವಾಗಿ ಕೇಳಿದವರಲ್ಲಿ ಭಯದ ಪ್ರತಿಕ್ರಿಯೆ ಇಳಿಯಿತು, ಸದ್ದನ್ನು ಕಲ್ಪಿಸಿಕೊಂಡವರಲ್ಲೂ ಇಳಿಯಿತು. ಹಕ್ಕಿ, ಮಳೆ ಎಂದುಕೊಂಡು ಕೂತವರಲ್ಲಿ ಹಾಗೆ ಇಳಿಯಲಿಲ್ಲ. ಅಂದರೆ ಸುಮ್ನೆ ಹಿತವಾದದ್ದನ್ನು ನೆನೆದರೆ ಸಾಲದು, ಹೆದರಿಸುವ ವಸ್ತುವನ್ನೇ ನೆನೆಯಬೇಕು.

ಇದು ಯಾವುದಲ್ಲ

ಕಲ್ಪನೆ ಬಳಸುವ ವಿಧಾನಗಳು ಹಲವು ಇವೆ. ಜನ ಅವನ್ನು ಕಲಸಿಕೊಳ್ಳುತ್ತಾರೆ, ಅದರಿಂದಲೇ ಅರ್ಧ ಕೆಲಸ ಕೆಡುತ್ತದೆ. ಸಿಗರೇಟು ಹಚ್ಚಿದೊಡನೆ ವಾಂತಿ ಬಂದಂತೆ ಕಲ್ಪಿಸಿಕೊಳ್ಳುವುದು ಕೋವರ್ಟ್ ಸೆನ್ಸಿಟೈಸೇಷನ್. ಅದೂ ಕೌಟೆಲಾ ಅವರದ್ದೇ, ಇದಕ್ಕಿಂತ ಹಳೆಯದು. ಸಿಗರೇಟನ್ನು ಬೇಡ ಎಂದು ತಳ್ಳಿ, ಬೆನ್ನಿಗೆ ಖುಷಿಯ ದೃಶ್ಯ ನೋಡುವುದು ಕೋವರ್ಟ್ ರೀಇನ್‌ಫೋರ್ಸ್‌ಮೆಂಟ್. ಮೈ ಸಡಿಲಿಸಿಕೊಂಡು ಸಣ್ಣ ಭಯದಿಂದ ದೊಡ್ಡ ಭಯಕ್ಕೆ ಮೆಟ್ಟಿಲು ಹತ್ತುವುದು ಜೋಸೆಫ್ ವೋಲ್ಪೆ 1958ರಲ್ಲಿ ಬರೆದ ವಿಧಾನ.

ನಾವು ಮಾಡುವುದು ಇದ್ಯಾವುದೂ ಅಲ್ಲ. ಇಲ್ಲಿ ನೀವು ಕವಳ ಹಾಕುತ್ತೀರಿ, ಪೂರ್ತಿ ಹಾಕುತ್ತೀರಿ. ಆಮೇಲೆ ಏನೂ ಆಗುವುದಿಲ್ಲ. ಅಸಹ್ಯ ಬೇಡ, ಹೆದರಿಕೆ ಬೇಡ, ಗೆದ್ದೆ ಎಂಬ ಹೆಮ್ಮೆಯೂ ಬೇಡ. ಬರೀ ಸಪ್ಪೆ. ಓದುವಾಗ ಇದು ಸಣ್ಣ ವಿಷಯ ಅನಿಸುತ್ತದೆ. ಮಾಡಲು ಕೂತಾಗ ಮನಸ್ಸು ಪದೇ ಪದೇ ನಾಟಕದ ಕಡೆ ಜಾರುತ್ತದೆ, ಹುಳ ಬಂತು, ಬಾಯಿ ಸುಟ್ಟಿತು ಅಂತ. ಅದನ್ನು ಬಿಡಿ. ಈ ವಿಧಾನದ ಕಷ್ಟ ಇರುವುದೇ ಸಪ್ಪೆಯನ್ನು ಸಪ್ಪೆಯಾಗಿ ಉಳಿಸುವುದರಲ್ಲಿ.

ಮೊದಲು ಒಂದು ವಾರ ನೋಟ್‌ಬುಕ್

ಕಲ್ಪನೆಗೆ ಕೂರುವ ಮುಂಚೆ ಒಂದು ವಾರ ಬರೆದಿಡಿ. ಅಭ್ಯಾಸ ಎಲ್ಲಿ ನಡೆಯಿತು, ಅದಕ್ಕೆ ಮುಂಚೆ ಏನಾಗುತ್ತಿತ್ತು, ಯಾರಿದ್ದರು, ಆದಮೇಲೆ ಮೊದಲ ಒಂದೆರಡು ನಿಮಿಷ ಏನು ಸಿಕ್ಕಿತು. ಈ ಕೊನೆಯ ಪ್ರಶ್ನೆಗೆ ಜಾಸ್ತಿ ಸಮಯ ಕೊಡಿ.

ಯಾಕೆಂದರೆ ಫಲ ಯಾವುದು ಎಂದು ನಾವು ಊಹಿಸುವುದು ಹಲವು ಸಲ ತಪ್ಪು. ಕವಳದ ಫಲ ರುಚಿ ಎಂದುಕೊಳ್ಳುತ್ತೇವೆ. ಬರೆದು ನೋಡಿದರೆ ಒಬ್ಬರಿಗೆ ಅದು ಅಡಿಕೆ ಹತ್ತಿದಾಗ ಮೈಗೆ ಬರುವ ಬಿಸಿ. ಇನ್ನೊಬ್ಬರಿಗೆ ತಂಬಾಕಿನ ಅಮಲು. ಮತ್ತೊಬ್ಬರಿಗೆ ಜಗಲಿಯಲ್ಲಿ ಇನ್ನು ಹತ್ತು ನಿಮಿಷ ಏಳದೆ ಕೂರಲು ಸಿಗುವ ನೆಪ. ಈ ಮೂವರು ಬರೆಯಬೇಕಾದ ದೃಶ್ಯಗಳು ಬೇರೆ ಬೇರೆ. ನೆಪಕ್ಕಾಗಿ ಹಾಕುವವರು ರುಚಿ ಇಲ್ಲ ಎಂದು ಎಷ್ಟು ಕಲ್ಪಿಸಿದರೂ ಪ್ರಯೋಜನವಿಲ್ಲ.

ಫಲ ಎಂಬುದು ನೆಮ್ಮದಿಯಾಗಿದ್ದರೆ ಅಲ್ಲೇ ನಿಲ್ಲಿ. ರಾತ್ರಿ ಎದ್ದೆದ್ದು ಬಾಗಿಲ ಚಿಲಕ ನೋಡುವವರು, ಕೈ ತೊಳೆದಷ್ಟೂ ಸಾಲದು ಅನಿಸುವವರು ಆ ಕೆಲಸದಿಂದ ಪಡೆಯುವುದು ಆತಂಕದಿಂದ ಒಂದು ಕ್ಷಣದ ಬಿಡುಗಡೆ. ಅವರು 'ನೋಡಿದೆ, ಆದರೂ ನೆಮ್ಮದಿ ಸಿಗಲಿಲ್ಲ' ಎಂದು ಕಲ್ಪಿಸಿದರೆ ಆತಂಕ ಏರುತ್ತದೆ, ಮತ್ತೆ ನೋಡುವ ತುಡಿತವೂ ಏರುತ್ತದೆ. ಅವರಿಗೆ ಬೇರೆ ಚಿಕಿತ್ಸೆ ಇದೆ. ಭಯಪಡಿಸುವ ಸ್ಥಿತಿಯನ್ನು ಎದುರಿಸಿ, ನೋಡುವ ಅಥವಾ ತೊಳೆಯುವ ಕೆಲಸವನ್ನೇ ತಡೆಹಿಡಿಯುವುದು. ಅದನ್ನು ತಜ್ಞರ ಜೊತೆಯೇ ಮಾಡಬೇಕು.

ಯಾವ ಅಭ್ಯಾಸದಿಂದ ಶುರು ಮಾಡಬೇಕು? ನನ್ನ ಆಯ್ಕೆ, ಬೇರೆಯವರ ಗಮನದಿಂದ ಬದುಕುವ ಅಭ್ಯಾಸ. ಮದುವೆಮನೆಯ ಗೇಲಿ, ಮೀಟಿಂಗಿನಲ್ಲಿ ಪ್ರತಿ ಮಾತಿಗೂ ಬಾಯಿ ಹಾಕುವುದು, ಫೋಟೋ ಹಾಕಿ ಲೈಕ್ ಎಣಿಸುವುದು. ಇವುಗಳ ಫಲ ಹೊರಗಿನಿಂದ ಬರುತ್ತದೆ, ದೃಶ್ಯದಲ್ಲಿ ಅದನ್ನು ಅಳಿಸುವುದು ಸುಲಭ. ತಂಬಾಕು, ಅಡಿಕೆ, ಹೆಂಡದ ಫಲ ರಕ್ತದಲ್ಲೇ ಇರುತ್ತದೆ. ಅಡಿಕೆಯಲ್ಲಿ ಅರೆಕೋಲಿನ್ ಇದೆ, ತಂಬಾಕಿನಲ್ಲಿ ನಿಕೋಟಿನ್. ಅಂಥ ಚಟಕ್ಕೆ ಕಲ್ಪನೆ ಒಂದನ್ನೇ ನಂಬಿದರೆ ಸೋಲುವುದು ಕಲ್ಪನೆಯೇ. ಜೊತೆಗೊಂದು ಸಹಾಯವಾಗಿ ಇಟ್ಟುಕೊಳ್ಳಬಹುದು.

ಅಡಿಕೆ ಬೆಳೆಯುವ ಊರಲ್ಲಿ ಇದನ್ನು ಹೇಳುವುದು ಸ್ವಲ್ಪ ಮುಜುಗರವೇ. ತೋಟವೇ ಅನ್ನ ಕೊಡುವಾಗ ಯಾರಿಗೆ ಬೇಕು ಈ ಮಾತು, ಅಲ್ವಾ? ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಇಲ್ಲದ ಕವಳವೂ, ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದೇ ಇದೆ. ಬಾಯಿ ಪೂರ್ತಿ ತೆರೆಯಲು ಆಗದಂತೆ ಒಳಚರ್ಮ ಗಟ್ಟಿಯಾಗುವ ರೋಗಕ್ಕೂ ಅಡಿಕೆಯೇ ಮುಖ್ಯ ಕಾರಣ. ಬಾಯಲ್ಲಿ ಬಿಳಿ ಮಚ್ಚೆ, ಉರಿ, ಬಿಗಿತ ಇದ್ದರೆ ಮೊದಲು ದಂತವೈದ್ಯರಿಗೆ ತೋರಿಸಿ.

ಕಲ್ಪನೆ ಎಷ್ಟು ಸ್ಪಷ್ಟ?

ಎಲ್ಲರಿಗೂ ಚಿತ್ರ ಒಂದೇ ಹಾಗೆ ಕಾಣುವುದಿಲ್ಲ. ಮೊದಲು ಅಭ್ಯಾಸಕ್ಕೆ ಸಂಬಂಧವಿಲ್ಲದ ಒಂದು ಜಾಗ ತೆಗೆದುಕೊಳ್ಳಿ. ಕಾರವಾರದವರಾದರೆ ಮೀನು ಮಾರ್ಕೆಟ್ ಒಳ್ಳೆಯದು, ಅಲ್ಲಿ ಸದ್ದು, ವಾಸನೆ, ಕಾಲಿಗೆ ತಾಗುವ ನೀರು ಎಲ್ಲ ಇದೆ. ಶಿರಸಿಯವರು ಮಾರಿಕಾಂಬಾ ದೇವಸ್ಥಾನದ ಕೆಂಪು ಮುಂಭಾಗದಿಂದ ಒಳಗೆ ನಡೆದು ಹೋಗಬಹುದು. ಕಣ್ಣು ಮುಚ್ಚಿ ಒಂದು ನಿಮಿಷ ಅಲ್ಲಿರಿ. ಆಮೇಲೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?

ಆರರ ಮೇಲಿದ್ದರೆ ಮುಂದೆ ಹೋಗಿ. ಕಡಿಮೆ ಇದ್ದರೆ ಚಿತ್ರಕ್ಕೆ ಹಟ ಹಿಡಿಯಬೇಡಿ, ಸದ್ದು, ವಾಸನೆ, ಮೈಗೆ ತಾಗುವುದರಿಂದ ಶುರು ಮಾಡಿ. ಹಲವರಿಗೆ ಮಾರ್ಕೆಟ್‌ನ ಕೂಗು ಕೇಳಿದ ಮೇಲೆ ಬುಟ್ಟಿ ಕಾಣತೊಡಗುತ್ತದೆ. ಕೆಲವು ದಿನ ಹೀಗೇ ಮಾಡಿದರೂ ಏನೂ ಮೂಡದಿದ್ದರೆ ಈ ವಿಧಾನ ನಿಮಗೆ ಹೊಂದುವುದಿಲ್ಲ, ಅಷ್ಟೇ. ಬೇರೆ ವಿಧಾನಗಳಿವೆ.

ದೃಶ್ಯ ಬರೆಯುವುದು

ಇದು ಇಡೀ ವಿಧಾನದ ಹೃದಯ. ದೃಶ್ಯವನ್ನು 'ನಾನು' ಎಂದು ಬರೆಯಿರಿ, ಈಗ ನಡೆಯುತ್ತಿರುವಂತೆ ಬರೆಯಿರಿ. ಅಭ್ಯಾಸದ ತನಕ ಎಲ್ಲವೂ ನಿಜದ ಹಾಗೇ ಇರಲಿ. ಬದಲಾಗುವುದು ಫಲ ಒಂದೇ. ಒಂದು ಮಾದರಿ ಕೊಡುತ್ತೇನೆ. ಕುಮಟಾದ ಒಬ್ಬ ಗಂಡ ನೆಂಟರ ಮುಂದೆ ಹೆಂಡತಿಯ ಅಡಿಗೆಯನ್ನು ಆಡಿಕೊಂಡು ನಗಿಸುತ್ತಾನೆ ಎಂದಿಟ್ಟುಕೊಳ್ಳಿ. ಬಿಡಬೇಕು ಎಂದು ಅವನಿಗೂ ಇದೆ. ಅವನ ದೃಶ್ಯ:

'ಅತ್ತೆಮನೆ ಹಾಲಿನಲ್ಲಿ ಪಂಕ್ತಿ. ಬಾಳೆಲೆ ಮುಂದೆ ಕೂತಿದ್ದೇನೆ. ಪಕ್ಕದಲ್ಲಿ ಭಾವ. ಸಾರು ಬಡಿಸುತ್ತಿದ್ದಾರೆ, ಬಿಸಿ ಹಬೆ ಮುಖಕ್ಕೆ ಬರುತ್ತಿದೆ. ನಾಲಿಗೆ ತುದಿಗೆ ಆ ಮಾತು ಬಂತು. ಹೇಳುತ್ತೇನೆ, "ನಮ್ಮನೆಲಿ ಸಾರಿಗೆ ಉಪ್ಪು ಹಾಕೋದು ಲಾಟರಿ ಇದ್ದಂಗೆ." ಹೇಳಿ ಮುಗಿಯಿತು. ಭಾವ ಸಾರು ಕಲಸುತ್ತಿದ್ದಾರೆ. ಎದುರಿನವರು ಹಪ್ಪಳ ಮುರಿದರು. ಯಾರೂ ತಲೆ ಎತ್ತಲಿಲ್ಲ. ಸೌಟು ಪಾತ್ರೆಗೆ ತಾಗಿದ ಸದ್ದು. ಇನ್ನೊಂದು ಸಲ ಸ್ವಲ್ಪ ಜೋರಾಗಿ ಹೇಳುತ್ತೇನೆ. ಪಲ್ಯ ಬೇಕಾ ಎಂದು ಯಾರೋ ಕೇಳಿದರು. ಮಾತು ಮಳೆಯ ಕಡೆ ಹೋಯಿತು. ನಾನು ಅನ್ನ ಕಲಸುತ್ತೇನೆ.'

ಗಮನಿಸಿ, ಯಾರೂ ಬೈಯಲಿಲ್ಲ. ಹೆಂಡತಿ ಅಳಲಿಲ್ಲ, ಮಾವ ಕಣ್ಣು ಕೆಂಪು ಮಾಡಲಿಲ್ಲ. ಬೈದರೆ ಅದು ಶಿಕ್ಷೆ, ಮೇಲಾಗಿ ಬೈಗುಳವೂ ಒಂದು ಬಗೆಯ ಗಮನವೇ. ಕೆಲವರಿಗೆ ನಗುವಿಗಿಂತ ಅದೇ ರುಚಿ.

ಕವಳದ ದೃಶ್ಯ ಇನ್ನೂ ನಿಧಾನವಾಗಿರಬೇಕು, ಯಾಕೆಂದರೆ ಇಲ್ಲಿ ಕೈ, ಮೂಗು, ನಾಲಿಗೆ ಎಲ್ಲ ಕೆಲಸ ಮಾಡುತ್ತವೆ. ಎಲೆಯ ತೊಟ್ಟು ಮುರಿಯುವುದು, ಬೆರಳಿಗೆ ಸುಣ್ಣ ತಾಗುವುದು, ಅಡಕತ್ತರಿಯ ಸದ್ದು, ಮಡಚಿ ದವಡೆಗೆ ಒತ್ತುವುದು, ಇದೆಲ್ಲ ಪೂರ್ತಿ ಇರಲಿ. ಆಮೇಲೆ ಅಗಿಯಿರಿ. ಖಾರವಿಲ್ಲ. ಒಗರಿಲ್ಲ. ಕಿವಿ ಬಿಸಿಯಾಗಲಿಲ್ಲ. ಒದ್ದೆ ಕಾಗದ ಅಗಿದ ಹಾಗೆ ಅಷ್ಟೇ. ಇನ್ನೂ ಅಗಿಯಿರಿ, ಬರಬಹುದು ಎಂದು ಕಾಯಿರಿ. ಬರುವುದಿಲ್ಲ. ಉಗುಳಿ. ಬಾಯಿ ಮೊದಲು ಹೇಗಿತ್ತೋ ಹಾಗೇ ಇದೆ. ಈ ಕಾಯುವ ಭಾಗವನ್ನು ಅವಸರದಲ್ಲಿ ಮುಗಿಸಬೇಡಿ. ಫಲ ಬರಬೇಕಾದ ಜಾಗದಲ್ಲಿ ಬರದೇ ಇರುವುದನ್ನು ಮನಸ್ಸು ಗುರುತಿಸಬೇಕು.

ಫೋನಿನದು ಚಿಕ್ಕ ದೃಶ್ಯ. ತೆಗೆಯುತ್ತೀರಿ, ಬೆರಳು ಆಡಿಸುತ್ತೀರಿ, ಹೊಸದೇನೂ ಇಲ್ಲ, ಇಡುತ್ತೀರಿ. ಮತ್ತೆ ತೆಗೆಯುತ್ತೀರಿ, ಇಲ್ಲ. ಆದರೆ ಫೋನಿನಲ್ಲಿ ಫಲ ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಇಲ್ಲ, ಯಾವಾಗ ಎಂದು ಗೊತ್ತಿಲ್ಲ. ಹೀಗೆ ಬಿಟ್ಟುಬಿಟ್ಟು ಫಲ ಕೊಟ್ಟ ಅಭ್ಯಾಸವೇ ಸಾಯಲು ಬಹಳ ಸಮಯ ತೆಗೆದುಕೊಳ್ಳುತ್ತದೆ. ಪ್ರಾಣಿಗಳ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ ಇದು.

ದಿನದ ಅಭ್ಯಾಸ

ದೃಶ್ಯವನ್ನು ನಿಮ್ಮದೇ ಧ್ವನಿಯಲ್ಲಿ, ನಿಧಾನವಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೂರು ನಿಮಿಷ ಸಾಕು. ದಿನಕ್ಕೆರಡು ಸಲ ಕೂರಿ. ಒಂದು ಸಲ ಕೇಳಿಕೊಂಡು, ಮುಂದಿನ ಸಲ ಕೇಳದೆ ನೀವೇ ನಡೆಸಿಕೊಂಡು, ಹೀಗೆ ಐದಾರು ಬಾರಿ. ಮುಗಿದ ಮೇಲೆ ಹತ್ತಕ್ಕೆ ಎಷ್ಟೆಂದು ಎರಡು ವಿಷಯಕ್ಕೆ ಅಂಕ ಬರೆಯಿರಿ. ಎಷ್ಟು ಸ್ಪಷ್ಟವಾಗಿತ್ತು, ಈಗ ಆ ಕೆಲಸ ಮಾಡುವ ಆಸೆ ಎಷ್ಟಿದೆ. ಹಸಿದಾಗ, ನಿದ್ದೆ ಬಂದಾಗ ಬೇಡ. ಕವಳದ ದೃಶ್ಯವನ್ನು ಊಟವಾದ ಕೂಡಲೇ ಮಾಡಬೇಡಿ, ಕೈ ನಿಜವಾದ ಹರಿವಾಣಕ್ಕೆ ಹೋದೀತು.

ಮೊದಲ ದಿನಗಳಲ್ಲಿ ಆಸೆ ಇಳಿಯುವ ಬದಲು ಏರಿದರೆ ಹೆದರಬೇಡಿ. ಫಲ ನಿಂತಾಗ ವರ್ತನೆ ಒಮ್ಮೆ ಜೋರಾಗುವುದು ಸಾಮಾನ್ಯ. ಸ್ವಿಚ್ ಒತ್ತಿ ದೀಪ ಹತ್ತದಿದ್ದರೆ ನಾವು ಒಂದು ಸಲ ಒತ್ತಿ ಬಿಡುತ್ತೇವೆಯೇ? ಜೊತೆಗೆ ಸಿಡುಕೂ ಬರಬಹುದು. ಮನೆಯವರಿಗೆ ಮುಂಚೆಯೇ ಹೇಳಿಟ್ಟರೆ ಒಳ್ಳೆಯದು. ಆದರೆ ಎರಡು ವಾರ ಕಳೆದರೂ ಏರುತ್ತಲೇ ಇದ್ದರೆ ದೃಶ್ಯದಲ್ಲಿ ಎಲ್ಲೋ ಫಲ ನುಸುಳಿದೆ. ರೆಕಾರ್ಡಿಂಗ್ ಮತ್ತೆ ಕೇಳಿ. 'ಸ್ವಲ್ಪ ರುಚಿ ಬಂತು' ಎಂಬಂಥ ಮಾತು ಎಲ್ಲೋ ಇರುತ್ತದೆ. ಅಥವಾ ನೋಟ್‌ಬುಕ್ಕಿನಲ್ಲಿ ಗುರುತಿಸಿದ ಫಲವೇ ಬೇರೆ.

ಹೊರಗಿನ ಜಗತ್ತು

ಬೆಳಿಗ್ಗೆ ಕಲ್ಪನೆಯಲ್ಲಿ ಫಲ ಇಲ್ಲ, ಮಧ್ಯಾಹ್ನ ನಿಜವಾದ ಕವಳದಲ್ಲಿ ಪೂರ್ತಿ ಫಲ ಇದೆ ಎಂದರೆ ನೀವು ಬಿಡಿಸುತ್ತಿಲ್ಲ, ಬಿಟ್ಟುಬಿಟ್ಟು ಫಲ ಕೊಟ್ಟು ಗಟ್ಟಿ ಮಾಡುತ್ತಿದ್ದೀರಿ. ಹಾಗಾಗಿ ಹೊರಗಿನ ಫಲವನ್ನೂ ಆದಷ್ಟು ಮುಚ್ಚಬೇಕು. ಕುಮಟಾದ ಗಂಡ ಹೆಂಡತಿಗೂ ಭಾವನಿಗೂ ಹೇಳಬೇಕು, ನಾನು ಆ ಮಾತು ಶುರು ಮಾಡಿದರೆ ನಗಬೇಡಿ, ಬೈಯಲೂ ಬೇಡಿ, ಬೇರೆ ಮಾತಿಗೆ ಹೋಗಿ ಅಂತ. ಫೋನಿನ ನೋಟಿಫಿಕೇಷನ್ ಬಂದ್ ಮಾಡಿ. ಕವಳ ಬಿಡುವವರು ಕಲ್ಪನೆ ಶುರು ಮಾಡುವ ದಿನವನ್ನೂ ನಿಜವಾಗಿ ಬಿಡುವ ದಿನವನ್ನೂ ಒಂದೇ ಮಾಡಿಕೊಳ್ಳಿ, ಹರಿವಾಣ ಒಳಗಿಡಿ.

ಖಾಲಿಯಾದ ಜಾಗಕ್ಕೆ ಏನಾದರೂ ಬೇಕಲ್ಲ. ನಗಿಸುವ ಆಸೆ ತಪ್ಪಲ್ಲ, ತನ್ನನ್ನೇ ಆಡಿಕೊಂಡು ನಗಿಸಲಿ, ಆಗ ಜನ ನಗಲಿ. ಜಗಲಿಯಲ್ಲಿ ಕೂರುವ ನೆಪ ಬೇಕಿದ್ದವರಿಗೆ ಒಂದು ಲೋಟ ಕಷಾಯ ಸಾಕಾಗಬಹುದು. ಹಳೆಯದಕ್ಕೆ ಫಲ ನಿಲ್ಲಿಸಿ ಹೊಸದಕ್ಕೆ ಫಲ ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಒಂದೇ ಜಾಗದ ದೃಶ್ಯಕ್ಕೆ ಅಂಟಿಕೊಳ್ಳಬೇಡಿ. ಎಕ್ಸ್‌ಟಿಂಕ್ಷನ್ ಹಳೆಯ ಕಲಿಕೆಯನ್ನು ಅಳಿಸುವುದಿಲ್ಲ, ಅದರ ಮೇಲೆ ಹೊಸದೊಂದನ್ನು ಕೂರಿಸುತ್ತದೆ. ಆ ಹೊಸ ಕಲಿಕೆ ಕಲಿತ ಜಾಗಕ್ಕೇ ಜಾಸ್ತಿ ಅಂಟಿಕೊಂಡಿರುತ್ತದೆ ಎಂದು ಮನಶ್ಶಾಸ್ತ್ರಜ್ಞ ಮಾರ್ಕ್ ಬೌಟನ್ ಅವರ ಪ್ರಯೋಗಗಳು ತೋರಿಸಿವೆ. ಮನೆಯ ಜಗಲಿಯಲ್ಲಿ ಸಪ್ಪೆಯಾದ ಕವಳ ಮದುವೆಮನೆಯಲ್ಲಿ ಮತ್ತೆ ರುಚಿಯಾಗಿ ಕರೆಯುತ್ತದೆ. ಎರಡನೇ ವಾರದಿಂದ ಜಾಗ ಬದಲಿಸಿ. ಸೊಸೈಟಿ ಕಟ್ಟೆ, ದೇವಿಮನೆ ಘಟ್ಟ ಇಳಿಯುವ ಬಸ್ಸು, ಯಕ್ಷಗಾನದ ರಾತ್ರಿ, ನೆಂಟರ ಮನೆ. ದೃಶ್ಯ ಬೇರೆ, ಸಪ್ಪೆ ಅದೇ.

ಭಯಕ್ಕೆ ಬಳಸುವುದಾದರೆ

ಕಾರವಾರದಲ್ಲಿ ಸಂಜೆ ಬೈಕಿಗೆ ನಾಯಿ ಅಟ್ಟಿಸಿಕೊಂಡು ಬಂದು ಬಿದ್ದವರೊಬ್ಬರಿಗೆ ಈಗ ಎಲ್ಲೋ ನಾಯಿ ಬೊಗಳಿದರೂ ಎದೆ ಹಾರುತ್ತದೆ ಎನ್ನೋಣ. ಇಲ್ಲಿ ದೃಶ್ಯ ಹೀಗೆ: ರಸ್ತೆಯಲ್ಲಿ ನಡೆಯುತ್ತಿದ್ದೇನೆ, ಬೊಗಳುವ ಸದ್ದು ಬಂತು, ಇನ್ನೊಮ್ಮೆ ಬಂತು, ನಾಯಿ ಗೇಟಿನೊಳಗೇ ಇದೆ, ಏನೂ ಆಗಲಿಲ್ಲ, ನಡೆಯುತ್ತಲೇ ಇದ್ದೇನೆ. ಭಯದ ದೃಶ್ಯದಲ್ಲಿ ಒಂದು ನಿಯಮ ಗಟ್ಟಿಯಾಗಿ ಹಿಡಿಯಿರಿ. ಎದೆಬಡಿತ ತುದಿಗೇರಿದಾಗ ಕಣ್ಣು ಬಿಡಬೇಡಿ. ಆಗ ನಿಲ್ಲಿಸಿದರೆ ಓಡಿಹೋದದ್ದರಿಂದ ಸಿಗುವ ನೆಮ್ಮದಿಯೇ ಫಲವಾಗಿ, ಭಯ ಬಲಿಯುತ್ತದೆ. ಅದೇ ದೃಶ್ಯದಲ್ಲಿ ಉಳಿದು, ಹತ್ತಕ್ಕೆ ಕೊಟ್ಟ ಭಯದ ಅಂಕ ಅರ್ಧಕ್ಕಾದರೂ ಇಳಿದ ಮೇಲೆ ಮುಗಿಸಿ. ಅಷ್ಟು ಹೊತ್ತು ಉಳಿಯಲು ಆಗುವುದೇ ಇಲ್ಲ ಎಂದಾದರೆ ನಾಯಿಯನ್ನು ಇನ್ನೂ ದೂರ ಇಟ್ಟು ದೃಶ್ಯ ಬರೆಯಿರಿ.

ಎಲ್ಲ ಭಯವನ್ನೂ ಕಳೆಯಬೇಕೆಂದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ಮೇಲೆ, ಜೋರು ಮಳೆಯಲ್ಲಿ ಗುಡ್ಡದ ಬುಡದ ರಸ್ತೆಯಲ್ಲಿ ಹೋಗಲು ಅಳುಕುವವರಿದ್ದಾರೆ. ಆ ಅಳುಕಿನಲ್ಲಿ ವಿವೇಕವಿದೆ, ಅದನ್ನು ಸಪ್ಪೆ ಮಾಡುವುದು ಬೇಡ. ಬಿಸಿಲಿನ ದಿನ ಬಯಲು ರಸ್ತೆಯಲ್ಲೂ ಬಸ್ ಹತ್ತಲು ಆಗದಿದ್ದರೆ ಆಗ ಮಾತು ಬೇರೆ. ಅಂಥ ಘಟನೆಯನ್ನು ಕಣ್ಣಾರೆ ಕಂಡವರು, ತಮ್ಮವರನ್ನು ಕಳೆದುಕೊಂಡವರು ಒಬ್ಬರೇ ಕೂತು ಆ ದೃಶ್ಯ ನೆನೆಯಬಾರದು. ಅದು ಚಿಕಿತ್ಸಕರ ಕೋಣೆಯ ಕೆಲಸ.

ಯಾರು ಒಬ್ಬರೇ ಮಾಡಬಾರದು, ಎಲ್ಲಿಗೆ ಹೋಗಬೇಕು

ದಿನಾ ಕುಡಿಯುವವರು ಹೆಂಡವನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರುವ ಅಪಾಯವಿದೆ. ಅವರು ಮೊದಲು ವೈದ್ಯರನ್ನು ನೋಡಲಿ. ಇಲ್ಲದ ಧ್ವನಿ ಕೇಳುವವರು, ತೀವ್ರ ಖಿನ್ನತೆಯಲ್ಲಿ ಇರುವವರು, ಸಾಯುವ ಯೋಚನೆ ಬರುವವರು ಇದನ್ನು ಮನೆಯಲ್ಲಿ ಪ್ರಯತ್ನಿಸಬಾರದು. ಖಿನ್ನತೆಯಲ್ಲಿ ಮೊದಲೇ ಯಾವುದೂ ರುಚಿಸುವುದಿಲ್ಲ, ಅದರ ಮೇಲೆ ಇನ್ನಷ್ಟು ಸಪ್ಪೆ ಬಡಿಸುವುದು ಸರಿಯಲ್ಲ.

ಮಾತಾಡಲು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಬೇಡ. ತಂಬಾಕು ಬಿಡಲು 1800-11-2356 ಸಂಖ್ಯೆ ಇದೆ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿಕೊಂಡು ಹೋದರೆ ಓಡಾಟ ತಪ್ಪುತ್ತದೆ. ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಅರ್ಧ ಗಂಟೆಯ ಪ್ರಶ್ನೆಗಳಿಗೆ ಅದರಲ್ಲೇ ಉತ್ತರವಿರುತ್ತದೆ.

ಬಿಟ್ಟ ಮೇಲೆ

ಆಸೆಯ ಅಂಕ ಸತತವಾಗಿ ಎರಡು ವಾರ ಎರಡರ ಕೆಳಗೆ ಉಳಿದರೆ ದಿನಾ ಕಲ್ಪನೆಗೆ ಕೂರುವುದನ್ನು ವಾರಕ್ಕೆರಡು ಸಲಕ್ಕೆ ಇಳಿಸಿ, ಆಮೇಲೆ ವಾರಕ್ಕೊಂದು. ರೆಕಾರ್ಡಿಂಗ್ ಅಳಿಸಬೇಡಿ. ಸತ್ತಿತು ಎಂದುಕೊಂಡ ಪ್ರತಿಕ್ರಿಯೆ ಸ್ವಲ್ಪ ಕಾಲ ಬಿಟ್ಟು ತಾನಾಗೇ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ಪ್ರಯೋಗದ ನಾಯಿಗಳಲ್ಲೇ ಕಂಡಿದ್ದರು. ಮನುಷ್ಯರಲ್ಲೂ ಹಾಗೇ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಮದುವೆ ಸೀಸನ್, ಮುಂಬಯಿಯಿಂದ ಹಳೆ ಗೆಳೆಯ ಬಂದ ಸಂಜೆ, ಇಂಥ ದಿನಗಳಲ್ಲಿ ಹಳೆಯ ಆಸೆ ತಲೆ ಎತ್ತುತ್ತದೆ. ಬರುವ ದಿನ ಮೊದಲೇ ಗೊತ್ತಿದ್ದರೆ ಮೂರು ದಿನ ಮುಂಚಿನಿಂದ ಆ ಜಾಗದ್ದೇ ದೃಶ್ಯ ಹೊಸದಾಗಿ ಬರೆದು ಅಭ್ಯಾಸ ಮಾಡಿ. ಜಾರಿ ಒಂದು ಕವಳ ಹಾಕಿಬಿಟ್ಟರೆ ಮರುದಿನ ಬೆಳಿಗ್ಗೆಯೇ ಹಳೆಯ ರೆಕಾರ್ಡಿಂಗ್‌ನಿಂದ ಮತ್ತೆ ಶುರು ಮಾಡಿ, ಮುಂದಿನ ಸೋಮವಾರದ ತನಕ ಕಾಯಬೇಡಿ.